ಹೆದೆ ನಿಮ್ಮ ಜೇಬಿನಲ್ಲಿರಲಿ

ನವರಾತ್ರಿ ಕಳೆದ ಕೂಡಲೇ ನನಗೆ ಬರುವ ಕಾಗದಗಳು ಜಾಸ್ತಿಯಾಗುತ್ತವೆ. ಕಾರಣ ಗೊತ್ತೇ ಇದೆ. ಆಯುಧ ಪೂಜೆಗೆಂದು ಕೆಳಗಿಳಿಸಿದ ಬಿಲ್ಲು ಪೂಜೆ ಮುಗಿದ ಮೇಲೂ ಚಾವಡಿಯಲ್ಲೇ ಇರುತ್ತದೆ. ಚಾವಡಿಗೆ ನೆಂಟರು ಬರುತ್ತಾರೆ. ಮುಂದಿನದ್ದನ್ನು ಈ ಸಲದ ಪ್ರಶ್ನೆಗಳೇ ಹೇಳುತ್ತವೆ.

ಹೊಸ ಓದುಗರಿಗೆ ಒಂದು ಮಾತು. ನಾನು ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯವ. ಶಾಲೆಯಲ್ಲಿ ಮಕ್ಕಳಿಗೆ ಮರಗೆಲಸ ಕಲಿಸಿ ನಿವೃತ್ತನಾದವ. ಬಿಲ್ಲು ಮಾಡುವುದು ಮೊದಲು ಹುಚ್ಚಾಗಿತ್ತು, ಈಗ ಹೊತ್ತು ಹೋಗುವ ಕೆಲಸ. ಮಾಡಿದ ಬಿಲ್ಲುಗಳ ಲೆಕ್ಕ ಇಟ್ಟಿಲ್ಲ. ಮುರಿದವುಗಳ ಲೆಕ್ಕ ಇದೆ: 19. ಅದರಲ್ಲಿ ನಾನೇ ಮುರಿದದ್ದು 8. ಉಳಿದ 11 ಊರವರ ಕೈಯಲ್ಲಿ.

ಪ್ರಶ್ನೆ: ಮಾಷ್ಟ್ರೇ, ನಾನು ಅಡಿಕೆ ಕೃಷಿಕ. ಎರಡು ವರ್ಷದಿಂದ ಬಿಲ್ಲು ಮಾಡಲು ಕಲಿಯುತ್ತಿದ್ದೇನೆ. ನನ್ನ ಮೂರನೇ ಬಿಲ್ಲು, ಬೆನ್ನಿಗೆ ಬಿದಿರು ಅಂಟಿಸಿದ್ದು, 40 ಪೌಂಡಿನದು, ಚೆನ್ನಾಗಿ ಬಂದಿತ್ತು. ಆಯುಧ ಪೂಜೆಯ ದಿನ ಅದನ್ನು ಹಾರೆ, ಕತ್ತಿ, ಸ್ಪ್ರೇ ಪಂಪಿನ ಜೊತೆ ಇಟ್ಟಿದ್ದೆ. ಮರುದಿನ ಮಂಗಳೂರಿನಿಂದ ಅಕ್ಕ ಬಾವ ಬಂದರು. ಬಾವ ಬಿಲ್ಲನ್ನೆತ್ತಿ ಬಾಣ ಇಲ್ಲದೆಯೇ ಹೆದೆ ಎಳೆದು ಬಿಟ್ಟರು. ಒಂದಲ್ಲ, ಮೂರು ಸಲ. ಮೂರನೇ ಸಲ 'ಚಟ್' ಎಂದು ಸದ್ದಾಯಿತು. 'ಏನೂ ಆಗಿಲ್ಲ ಅಲ್ವಾ' ಎಂದು ಹೇಳಿ ಮೂಲೆಗೆ ಒರಗಿಸಿದರು. ನೋಡಿದರೆ ಬಿರುಕು ಕಾಣುವುದಿಲ್ಲ. ಬಿಲ್ಲು ಹೋಯಿತೇ? ಮತ್ತೆ, ಬಾವನವರಿಗೆ ಬೇಸರವಾಗದಂತೆ ಹೇಳುವುದು ಹೇಗೆ? ದೀಪಾವಳಿಗೂ ಬರುತ್ತಾರೆ.
— ಓದುಗರೊಬ್ಬರು, ನೀರ್ಚಾಲು

ಮೊದಲು ಹೆದೆ ಇಳಿಸಿ. ಪತ್ರಿಕೆ ಕೆಳಗಿಟ್ಟು ಹೋಗಿ, ಇಳಿಸಿ ಬನ್ನಿ. ಆಮೇಲೆ ಓದಿ.

ಆ 'ಚಟ್' ಎಂಬುದು ಹೆದೆ ಕೊಪ್ಪಿನಲ್ಲಿ, ಎಂದರೆ ಅದನ್ನು ಸಿಕ್ಕಿಸುವ ಬಿಲ್ಲಿನ ತುದಿಯಲ್ಲಿ, ಜಾರಿದ ಸದ್ದೂ ಆಗಿರಬಹುದು, ಮರದ ಎಳೆ ಹರಿದ ಸದ್ದೂ ಆಗಿರಬಹುದು. ಕಿವಿಗೆ ಎರಡೂ ಒಂದೇ. ಕಂಡುಹಿಡಿಯಲು ದೇವರ ದೀಪಕ್ಕೆ ಬತ್ತಿ ಹೊಸೆಯುವ ಹತ್ತಿ ಸಾಕು. ಒಂದು ಉಂಡೆ ತಗೊಂಡು ಬಿಲ್ಲಿನ ಬೆನ್ನ ಮೇಲೆ, ಎಂದರೆ ಗುರಿಯ ಕಡೆ ಇರುವ ಮುಖದ ಮೇಲೆ, ಕೊಪ್ಪಿನಿಂದ ಕೊಪ್ಪಿಗೆ ಮೆಲ್ಲಗೆ ಎಳೆಯಿರಿ. ಒಂದು ಕೂದಲಿನಷ್ಟು ಎಳೆ ಎದ್ದಿದ್ದರೂ ಹತ್ತಿ ಅಲ್ಲಿ ಸಿಕ್ಕಿಕೊಳ್ಳುತ್ತದೆ. ಬಿದಿರಿನ ಗಿಣ್ಣುಗಳ ಹತ್ತಿರ ಮತ್ತು ಅಂಚುಗಳಲ್ಲಿ ಎರಡೆರಡು ಸಲ ನೋಡಿ. ಬಿರುಕು ಹುಟ್ಟುವುದು ಅಲ್ಲೇ ಜಾಸ್ತಿ.

ಬೆನ್ನು ಆಯಿತು, ಈಗ ಹೊಟ್ಟೆ. ನಿಮ್ಮ ಮುಖದ ಕಡೆ ಇರುವ ಭಾಗ. ಎಳೆದಾಗ ಬೆನ್ನು ಹಿಗ್ಗುತ್ತದೆ, ಹೊಟ್ಟೆ ಕುಗ್ಗುತ್ತದೆ. ಬೆನ್ನು ಸೋತರೆ ಎಳೆ ಏಳುತ್ತದೆ. ಹೊಟ್ಟೆ ಸೋತರೆ ಅಡ್ಡಕ್ಕೆ ಸಣ್ಣ ಗೆರೆ ಮೂಡುತ್ತದೆ, ಇಸ್ತ್ರಿ ಮಾಡಿದ ಬಟ್ಟೆ ಮಡಚಿ ಬಿಡಿಸಿದರೆ ಉಳಿಯುತ್ತದಲ್ಲ, ಹಾಗೆ. ಇದು ನೇರ ಬೆಳಕಿನಲ್ಲಿ ಕಾಣುವುದೇ ಇಲ್ಲ. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಬಿಲ್ಲನ್ನು ನಿಧಾನ ತಿರುಗಿಸುತ್ತಾ ನೋಡಿ. ಉಗುರಿನಿಂದ ಉದ್ದಕ್ಕೂ ಸವರಿ. ಕಣ್ಣು ಬಿಟ್ಟದ್ದನ್ನು ಉಗುರು ಹಿಡಿಯುತ್ತದೆ.

ಎರಡೂ ಕಡೆ ಏನೂ ಸಿಗಲಿಲ್ಲ ಎಂದುಕೊಳ್ಳಿ. ಆದರೂ ಸೀದಾ ಕೈಯಲ್ಲಿ ಹಿಡಿದು ಪೂರ್ತಿ ಎಳೆಯಬೇಡಿ. ಮುರಿಯುವುದಿದ್ದರೆ ಆ ತುಂಡು ಬರುವುದು ನಿಮ್ಮ ಮುಖಕ್ಕೆ. ಹಳೆಯ ಬಾವಿ ರಾಟೆ ಇದೆಯಾ? ಬಿಲ್ಲಿನ ಹಿಡಿಯನ್ನು ಜಗಲಿ ಕಂಬಕ್ಕೆ ಅಡ್ಡವಾಗಿ ಕಟ್ಟಿ. ಕಂಬದ ಬುಡದಲ್ಲಿ ರಾಟೆ ಕಟ್ಟಿ. ಹೆದೆಗೊಂದು ಕೊಕ್ಕೆ ಹಾಕಿ, ಹಗ್ಗವನ್ನು ರಾಟೆಯ ಅಡಿಯಿಂದ ತಂದು, ಹತ್ತು ಅಡಿ ದೂರ ನಿಂತು ಎಳೆಯಿರಿ. ಮೊದಲು 12 ಇಂಚು, ಆಮೇಲೆ 16, ಆಮೇಲೆ 20. ಪ್ರತಿ ಸಲ ನಿಲ್ಲಿಸಿ ನೋಡಿ. ಬಿಲ್ಲಿನ ಮೇಲಿನ ತೋಳು, ಕೆಳಗಿನ ತೋಳು, ಎಂದರೆ ಹಿಡಿಯ ಆಚೆ ಈಚೆಯ ಎರಡು ಭಾಗ, ಮೊದಲಿನಂತೆಯೇ ಬಾಗುತ್ತಿವೆಯೇ? ಒಂದು ಜಾಗದಲ್ಲಿ ಮಾತ್ರ ಮೊಣಕೈಯ ಹಾಗೆ ಮಡಚುತ್ತಿದ್ದರೆ ಅಲ್ಲೇ ನಿಲ್ಲಿಸಿ.

ಬೆನ್ನಿನಲ್ಲಿ ಒಂದು ಸಣ್ಣ ಎಳೆ ಮಾತ್ರ ಎದ್ದಿದ್ದರೆ ಉಳಿಸಬಹುದು. ನೀರಿನಂತೆ ತೆಳುವಾಗಿರುವ ಸೂಪರ್ ಗ್ಲೂ ಎಳೆಯ ಅಡಿಗೆ ಹರಿಸಿ, ಒತ್ತಿ ಹಿಡಿದು, ಒಣಗಿದ ಮೇಲೆ ಅದರ ಆಚೆ ಈಚೆ ಒಂದೊಂದು ಇಂಚು ಸೇರಿಸಿ ಗಟ್ಟಿ ನೂಲನ್ನು ಒತ್ತೊತ್ತಾಗಿ ಸುತ್ತಿ. ಆದರೆ ಬಿರುಕು ಅಡ್ಡಕ್ಕೆ ಹೋಗಿದ್ದರೆ ಆ ಬಿಲ್ಲು ಇನ್ನು ಗೋಡೆಗೆ. ಅಂಟು, ನೂಲು, ಹರಕೆ ಯಾವುದೂ ಬೇಡ.

ಈಗ ಬಾವನವರ ವಿಷಯ. ಬಾಣ ಇಲ್ಲದೆ ಬಿಟ್ಟರೆ ಏನಾಗುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. ಹೆಚ್ಚಿನವರಿಗೆ ಗೊತ್ತಿಲ್ಲ. ಬಾಣ ಇಲ್ಲ, ಹಾಗಾಗಿ ಅಪಾಯವೂ ಇಲ್ಲ ಎಂದುಕೊಳ್ಳುತ್ತಾರೆ. ಪಾಪ, ಜಾಗ್ರತೆ ಮಾಡಿದ್ದೇವೆಂದೇ ಅವರ ಲೆಕ್ಕ. 40 ಪೌಂಡು ಎಂದರೆ ಪೂರ್ತಿ 28 ಇಂಚು ಎಳೆದಾಗ ಬೆರಳಿನ ಮೇಲೆ 18 ಕಿಲೋ ಭಾರ. ಆ ಹೊತ್ತಿಗೆ ಬಿಲ್ಲಿನೊಳಗೆ ಕೂತಿರುವ ಶಕ್ತಿ ಸುಮಾರು 45 ಜೂಲ್. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಒಂದು ಕಿಲೋದ ತೆಂಗಿನಕಾಯಿ 15 ಅಡಿ ಮೇಲಿನಿಂದ ಬಿದ್ದಷ್ಟು. ಬಾಣ ಇದ್ದರೆ ಅದರಲ್ಲಿ ದೊಡ್ಡ ಪಾಲನ್ನು ಬಾಣ ಹೊತ್ತುಕೊಂಡು ಹೋಗುತ್ತದೆ. ಬಾಣ ಇಲ್ಲದಿದ್ದರೆ ಕಾಯಿ ಬೀಳುವುದು ಬಿಲ್ಲಿನ ತಲೆ ಮೇಲೆಯೇ. ಬಾವನವರು ಮೂರು ಕಾಯಿ ಹಾಕಿದ್ದಾರೆ.

ನನ್ನದೊಂದು ಕಥೆ ಹೇಳುತ್ತೇನೆ. ಒಂದು ಶಾಲೆಯ ವೃತ್ತಿ ಪರಿಚಯ ಮೇಳದಲ್ಲಿ ನನ್ನ ಬೈನೆ ಮರದ ಬಿಲ್ಲನ್ನು ಮೇಜಿನ ಮೇಲೆ ಇಟ್ಟಿದ್ದೆ. ಐದೂವರೆ ಅಡಿ ಉದ್ದ. ಕಪ್ಪು ಮರದಲ್ಲಿ ಬಿಳಿ ಎಳೆಗಳು ಉದ್ದಕ್ಕೆ ಓಡುತ್ತಿದ್ದವು. ಗಾಜಿನ ಚೂರಿನಿಂದ ಕೆರೆದು ಕೆರೆದು ನುಣುಪು ಮಾಡಿದ್ದೆ. 40 ದಿನದ ಕೆಲಸ. 26 ಇಂಚಿಗಿಂತ ಜಾಸ್ತಿ ಎಳೆಯಲು ಮಾಡಿದ್ದಲ್ಲ. ನೋಡುವವರಿಗೆ ಚಂದ ಕಾಣಲಿ ಎಂದು ಹೆದೆ ಏರಿಸಿಯೇ ಇಟ್ಟು ಚಾ ಕುಡಿಯಲು ಹೋದೆ. ಬರುವಾಗ ಮೇಳ ನೋಡಲು ಬಂದ ಅತಿಥಿಯೊಬ್ಬರ ಕೈಯಲ್ಲಿ ಬಿಲ್ಲಿತ್ತು. ಆರಡಿ ಆಳು. ಫೋಟೋದವನು 'ಸರ್, ಇನ್ನೂ ಸ್ವಲ್ಪ' ಎನ್ನುತ್ತಿದ್ದ. ಅವರು ಕಿವಿಯ ಹಿಂದಕ್ಕೆ ಎಳೆದರು. ನಾನು ಬಾಗಿಲಿನಿಂದ 'ಬೇಡ' ಎನ್ನುವುದಕ್ಕೂ ಅದು ಮುರಿಯುವುದಕ್ಕೂ ಸರಿಹೋಯಿತು. ಪಟಾಕಿಯಂಥ ಸದ್ದಲ್ಲ. ಒಣ ಮಡಲು ಮುರಿದಂಥ ಬೋಳು ಸದ್ದು. ಮೇಲಿನ ತುಂಡು ಹೆದೆಯಲ್ಲೇ ನೇತಾಡಿ, ಸುತ್ತು ಬಂದು ಅವರ ಕನ್ನಡಕಕ್ಕೆ ಬಡಿಯಿತು. ಕಣ್ಣಿಗೆ ಏನೂ ಆಗಲಿಲ್ಲ, ದೇವರ ದಯೆ. ಅವರು ಕನ್ನಡಕ ಸರಿ ಮಾಡಿಕೊಂಡು, 'ಮರ ಹಳತು ಅಂತ ಕಾಣುತ್ತದೆ' ಎಂದರು.

ಬಿಲ್ಲು ಮುರಿದು ಮೆಚ್ಚುಗೆ ಪಡೆದವನು ಶ್ರೀರಾಮ ಒಬ್ಬನೇ. ಉಳಿದವರಿಗೆ ಸೀತೆ ಸಿಗುವುದಿಲ್ಲ.

ಅವತ್ತು ಎಷ್ಟೋ ಹೊತ್ತು ಅವರ ಮೇಲೆ ಸಿಟ್ಟಿತ್ತು. ಬಸ್ಸಿನಲ್ಲಿ ಎರಡು ತುಂಡು ತೊಡೆಯ ಮೇಲೆ ಇಟ್ಟುಕೊಂಡು ಬರುವಾಗ ಗೊತ್ತಾಯಿತು, ತಪ್ಪು ನನ್ನದೇ. ಹೆದೆ ಏರಿಸಿದ ಬಿಲ್ಲನ್ನು ಮೇಜಿನ ಮೇಲಿಟ್ಟರೆ ಅದು 'ಎಳೆ' ಎಂದು ಕರೆಯುತ್ತದೆ. ಕೈ ತಡೆಯುವುದಿಲ್ಲ. ಹೆದೆ ಇಲ್ಲದ ಬಿಲ್ಲು ಬರೀ ಕೋಲು. ಅದನ್ನು ಜನ ಎತ್ತುತ್ತಾರೆ, ತೂಕ ನೋಡುತ್ತಾರೆ, ಇಡುತ್ತಾರೆ. ಅಂದಿನಿಂದ ನನ್ನ ಪದ್ಧತಿ ಒಂದೇ. ಬಿಲ್ಲು ಎಲ್ಲಿ ಬೇಕಾದರೂ ಇರಲಿ, ಹೆದೆ ನನ್ನ ಜೇಬಿನಲ್ಲಿ. ಪೂಜೆಗೂ ಹಾಗೆಯೇ ಇಡುತ್ತೇನೆ. ಹೂವು, ಗಂಧ ಬಿಲ್ಲಿಗೆ. ಹೆದೆ ಸುತ್ತಿ ಪಕ್ಕದಲ್ಲಿ ಬಾಳೆ ಎಲೆಯ ಮೇಲೆ. ಆರತಿ ಆದ ಕೂಡಲೇ ಜೇಬಿಗೆ.

ಇದು ನಾನು ಕಂಡುಹಿಡಿದದ್ದೇನೂ ಅಲ್ಲ. ನಮ್ಮ ಕಡೆ ತಾಳಮದ್ದಳೆ ಕೇಳಿ ಬೆಳೆದವರಿಗೆ ವಿರಾಟ ಪರ್ವ ಗೊತ್ತು. ಪಾಂಡವರು ಅಜ್ಞಾತವಾಸಕ್ಕೆ ಹೋಗುವಾಗ ಆಯುಧಗಳನ್ನು ಶಮೀ ಮರದಲ್ಲಿ ಕಟ್ಟಿಟ್ಟರು. ಆದರೆ ಕಟ್ಟುವ ಮೊದಲು ಒಬ್ಬೊಬ್ಬರೂ ತಮ್ಮ ತಮ್ಮ ಬಿಲ್ಲಿನ ಹೆದೆ ಇಳಿಸಿದರು. ವ್ಯಾಸರು ಇದನ್ನು ಬಿಡದೆ ಹೇಳಿದ್ದಾರೆ. ಒಂದು ವರ್ಷ ಹೆದೆ ಏರಿಸಿಟ್ಟರೆ ಗಾಂಡೀವಕ್ಕೆ ಏನೂ ಆಗುತ್ತಿರಲಿಲ್ಲವೋ ಏನೋ, ನಮ್ಮ ಬಿದಿರಿಗಂತೂ ಬಾಗಿದ ಬೆನ್ನು ಗ್ಯಾರಂಟಿ. ಇನ್ನೂ ಸ್ವಾರಸ್ಯ ಇರುವುದು ಮುಂದೆ. ದಾರಿಹೋಕರು ಹತ್ತಿರ ಬಾರದಿರಲಿ ಎಂದು ಅದೇ ಮರಕ್ಕೆ ಒಂದು ಹೆಣವನ್ನೂ ಕಟ್ಟಿದರು. 'ಮುಟ್ಟಬೇಡಿ' ಎಂಬ ಬೋರ್ಡಿಗಿಂತ ಎಷ್ಟೋ ಮೇಲು. ಅರ್ಜುನನಂತೂ ಗಾಂಡೀವವನ್ನು ಬೇರೆಯವರಿಗೆ ಕೊಡು ಎಂದವನ ತಲೆ ತೆಗೆಯುವ ಪ್ರತಿಜ್ಞೆ ಮಾಡಿದ್ದವನು. ಆ ಮಾತನ್ನು ಧರ್ಮರಾಯನೇ ಆಡಿದಾಗ ಅಣ್ಣನೆಂದೂ ನೋಡದೆ ಕತ್ತಿ ಎತ್ತಿದ. ನಿಮ್ಮ ಮನೆಯಲ್ಲಿ ಹೆಣವೂ ಬೇಡ, ಕತ್ತಿಯೂ ಬೇಡ. ಅಕ್ಕನ ಗಂಡ.

ಅದಕ್ಕೆ ನಾನು ಮಾಡುವ ಉಪಾಯ ಇದು. ಹಳೆ ಅಡಿಕೆ ಮರದ ಸಲಾಕೆಯಿಂದ ನಾಲ್ಕಡಿಯ ಒಂದು ಸಾದಾ ಬಿಲ್ಲು ಮಾಡಿ. 15 ಪೌಂಡು ಮೀರದಿರಲಿ. ಅಂಚು ಚೆನ್ನಾಗಿ ಉಜ್ಜಿ, ಅಡಿಕೆ ಸಿಬುರು ಕೈಗೆ ಹೊಕ್ಕರೆ ಕೀವಾಗುತ್ತದೆ. ಹಿಡಿಗೆ ಹಳೆ ಸೀರೆಯ ಜರಿ ಅಂಚು ಸುತ್ತಿ, ನೋಡಲು ಗಮ್ಮತ್ತಾಗಿರಲಿ. ಅದಕ್ಕೆ ದಪ್ಪ ಹೆದೆ ಕಟ್ಟಿ, ಜೊತೆಗೆ ತುದಿಗೆ ರಬ್ಬರ್ ಹಾಕಿದ ಎರಡು ಬಾಣ ಇಟ್ಟು ಚಾವಡಿಯಲ್ಲೇ ನೇತು ಹಾಕಿ. ನೆಂಟರಿಗೆ ಅದು. ಎಳೆಯಲಿ, ಬಿಡಲಿ, ಫೋಟೋ ತೆಗೆಯಲಿ. ಮುರಿದರೆ ಒಂದು ಸಲಾಕೆ ಹೋಯಿತು. ಅಡಿಕೆ ಕೃಷಿಕರಿಗೆ ಸಲಾಕೆಗೆ ಬರವೇ? ನಮ್ಮ ಮನೆಯಲ್ಲಿ ಅದಕ್ಕೆ 'ಬಾವನ ಬಿಲ್ಲು' ಎಂದೇ ಹೆಸರು. ಯಾವ ಬಾವ ಎಂದು ಹೇಳುವುದಿಲ್ಲ.

ಒಳ್ಳೆ ಬಿಲ್ಲಿನ ಕಡೆಗೇ ಕೈ ಹೋದರೆ, 'ಅದಕ್ಕೆ ಈಗಷ್ಟೇ ಅಗಸೆ ಎಣ್ಣೆ ಹಚ್ಚಿದ್ದೇನೆ ಬಾವ, ಅಂಗಿಗೆ ತಾಗೀತು' ಎನ್ನಿ. ಸುಳ್ಳಾಗುವುದು ಬೇಡ ಎಂದಿದ್ದರೆ ಅವರು ಬರುವ ದಿನ ಬೆಳಗ್ಗೆಯೇ ಎಣ್ಣೆ ಹಚ್ಚಿ. ಬಿಲ್ಲಿಗೂ ಒಳ್ಳೆಯದು.

ಪ್ರಶ್ನೆ: ನಮ್ಮ ಶಾಲೆಗೆ ಹಳೆ ವಿದ್ಯಾರ್ಥಿಗಳು ಆರು ಬಿದಿರಿನ ಬಿಲ್ಲು ಮಾಡಿಸಿ ಕೊಟ್ಟಿದ್ದಾರೆ, 20 ಪೌಂಡಿನವು. 30 ಮಕ್ಕಳು. ಮೂರು ತಿಂಗಳಲ್ಲಿ ಎರಡು ಬಿಲ್ಲು ಹೋದವು. ಮಕ್ಕಳ ಕೈಗೆ ಕೊಡದೆ ಇರಲಿಕ್ಕೂ ಆಗುವುದಿಲ್ಲ. ಏನು ಮಾಡಲಿ?
— ದೈಹಿಕ ಶಿಕ್ಷಕಿ, ಉಪ್ಪಳ

ಕೊಡಿ ಟೀಚರ್. ಮಕ್ಕಳಿಗೆ ಕೊಡದ ಬಿಲ್ಲಿಗೆ ಮರ ಕೊರೆಯುವ ಕುಟ್ಟೆ ಹಿಡಿಯುತ್ತದೆ.

ಎರಡು ಬಿಲ್ಲು ಹೇಗೆ ಹೋದವು ಎಂದು ನೀವು ಬರೆದಿಲ್ಲ. ನಾನೇ ಊಹಿಸುತ್ತೇನೆ. ಒಂದು, ಹಿಡಿಸೂಡಿ (ಪೊರಕೆ) ಕಡ್ಡಿಯಿಂದ. ನಗಬೇಡಿ. ಬಾಣ ಮುಗಿದಾಗ ಮಕ್ಕಳು ಮೂಲೆಯ ಹಿಡಿಸೂಡಿಯಿಂದ ಒಂದು ಕಡ್ಡಿ ಎಳೆದು ಹೆದೆಗಿಡುತ್ತಾರೆ. ಬಾಣ ಇಟ್ಟೇ ಬಿಟ್ಟದ್ದಲ್ವಾ ಎಂದು ವಾದವನ್ನೂ ಮಾಡುತ್ತಾರೆ. ಆ ಕಡ್ಡಿಯ ತೂಕ ಎಷ್ಟು? ಇದ್ದೂ ಇಲ್ಲದಷ್ಟು. ಒಂದು ಪೌಂಡಿಗೆ 10 ಗ್ರೇನ್ ಬಾಣ ಎಂದು ಬಿಲ್ಲು ಮಾಡುವವರ ಲೆಕ್ಕ. ನಿಮ್ಮ 20 ಪೌಂಡಿನ ಬಿಲ್ಲಿಗೆ 200 ಗ್ರೇನ್, ಎಂದರೆ 13 ಗ್ರಾಂ ಬೇಕು. ಅಂಗಡಿಯ ಚಿನ್ನದ ತಕ್ಕಡಿ ಬೇಡ, ಅಡಿಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಮಕ್ಕಳ ಎದುರೇ ಬಾಣವನ್ನೂ ಕಡ್ಡಿಯನ್ನೂ ತೂಗಿ ತೋರಿಸಿ. ಕಡ್ಡಿ ಇಟ್ಟಾಗ ಮುಳ್ಳು, ಅಲ್ಲ, ಅಂಕೆ ಅಲುಗುವುದೇ ಕಷ್ಟ. ಒಮ್ಮೆ ನೋಡಿದರೆ ಮರೆಯುವುದಿಲ್ಲ.

ಇನ್ನೊಂದು ಬಿಲ್ಲು, ಎತ್ತರದ ಹುಡುಗನ ಕೈಯಲ್ಲಿ ಹೋಗಿರಬೇಕು. ಎರಡೂ ಕೈ ಅಗಲಿಸಿ ನಿಲ್ಲಿಸಿ, ಬೆರಳ ತುದಿಯಿಂದ ಬೆರಳ ತುದಿಗೆ ಇಂಚಿನಲ್ಲಿ ಅಳೆದು, ಎರಡೂವರೆಯಿಂದ ಭಾಗಿಸಿ. ಆ ಮಗು ಅಷ್ಟು ಇಂಚು ಎಳೆಯುತ್ತದೆ. 60 ಇಂಚಿನ ಮಗು 24 ಎಳೆದರೆ, 70 ಇಂಚಿನ ಹತ್ತನೇ ಕ್ಲಾಸಿನವ 28 ಎಳೆಯುತ್ತಾನೆ. ನಿಮ್ಮ ಬಿಲ್ಲು 24ಕ್ಕೆ ಮಾಡಿದ್ದಾದರೆ ಕಥೆ ಮುಗಿಯಿತು. ಮಾಡಿದವರನ್ನು ಕೇಳಿ, ಪ್ರತಿ ಬಾಣಕ್ಕೂ ಆ ಅಳತೆಯಲ್ಲಿ ಸುತ್ತ ಒಂದು ಕೆಂಪು ಬಣ್ಣದ ಗೆರೆ ಎಳೆಯಿರಿ. ಗೆರೆ ಬಿಲ್ಲಿನ ಹಿಡಿಗೆ ಬಂದರೆ ನಿಲ್ಲಬೇಕು. ಉದ್ದ ಕೈಯವರಿಗೆ ಬೇರೆ ಬಿಲ್ಲೇ ಬೇಕು, ಉಪದೇಶ ಸಾಲದು.

ಕೈಯಿಂದ ಮಾಡಿದ ಬಿಲ್ಲಿಗೆ ಮೇಲೆ ಕೆಳಗೆ ಇರುತ್ತದೆ. ಕೆಳಗಿನ ತೋಳನ್ನು ತುಸು ಬಿಗಿಯಾಗಿ ಬಿಟ್ಟಿರುತ್ತಾರೆ. ತಲೆಕೆಳಗಾಗಿ ಹಿಡಿದರೆ ಬಿಲ್ಲಿನ ಲೆಕ್ಕ ತಪ್ಪುತ್ತದೆ. ಮೇಲಿನ ಕೊಪ್ಪಿಗೆ ಹಳದಿ ನೂಲು ಸುತ್ತಿಬಿಡಿ, 'ಹಳದಿ ಆಕಾಶಕ್ಕೆ' ಎಂದರೆ ಒಂದನೇ ಕ್ಲಾಸಿನ ಮಗುವಿಗೂ ಅರ್ಥವಾಗುತ್ತದೆ. ಹೆದೆ ಏರಿಸುವ, ಇಳಿಸುವ ಕೆಲಸ ಮಕ್ಕಳಿಗೆ ಬೇಡ. ಕಾಲ ಸಂದಿಯಲ್ಲಿ ಬಿಲ್ಲು ತೂರಿಸಿ ಸೊಂಟದಿಂದ ಬಗ್ಗಿಸುವುದನ್ನು ಯಾರೋ ಮೊಬೈಲಿನಲ್ಲಿ ನೋಡಿ ಕಲಿತಿರುತ್ತಾರೆ. ಹಾಗೆ ಮಾಡಿದರೆ ತೋಳು ತಿರುಚಿಕೊಳ್ಳುತ್ತದೆ. ಎರಡು ತುದಿಗೂ ಸಿಕ್ಕಿಸುವ ಒಂದು ಹಗ್ಗ ಮಾಡಿಸಿಕೊಳ್ಳಿ, ಹಗ್ಗವನ್ನು ಪಾದದಲ್ಲಿ ಮೆಟ್ಟಿ ಹಿಡಿಯನ್ನು ಮೇಲಕ್ಕೆತ್ತಿದರೆ ಎರಡೂ ತೋಳು ಸಮನಾಗಿ ಬಾಗುತ್ತವೆ.

ಕೊನೆಗೆ ಒಂದೇ ನಿಯಮ, ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ: ಬಾಣ ಕೈಗೆ ಬಂದ ಮೇಲೆ ಬಿಲ್ಲು. ಬಾಣ ಮುಗಿದರೆ ಬಿಲ್ಲು ಗೂಟಕ್ಕೆ. ನೆಲದಲ್ಲಿ ಇಟ್ಟ ಬಿಲ್ಲನ್ನು ಮೆಟ್ಟದೆ ಇರುವ 30 ಮಕ್ಕಳು ಎಲ್ಲೂ ಇಲ್ಲ.

ಪ್ರಶ್ನೆ: ನಮ್ಮದು ಹವ್ಯಾಸಿ ಯಕ್ಷಗಾನ ತಂಡ. ವೇಷದ ಬಿಲ್ಲುಗಳು ಪ್ರತಿ ಆಟಕ್ಕೂ ಒಂದಾದರೂ ಮುರಿಯುತ್ತವೆ. ರಂಗದಲ್ಲಿ ಅಲ್ಲ, ವೇಷ ಕಟ್ಟುವ ಚೌಕಿಯಲ್ಲಿ! ಗಟ್ಟಿ ಮರದಿಂದ ಮಾಡಿಸಬಹುದೇ?
— ಹೆಸರು ಬೇಡ ಎಂದವರು, ಮುಳ್ಳೇರಿಯ

ಬೇಡ. ಗಟ್ಟಿ ಮರದ ಭಾರದ ಬಿಲ್ಲು ಹಿಡಿದು ಅರ್ಜುನ ನಾಲ್ಕು ಸುತ್ತು ತಿರುಗುವಷ್ಟರಲ್ಲಿ ಅವನ ಮಣಿಕಟ್ಟು ಹೋಗುತ್ತದೆ. ವೇಷದ ಬಿಲ್ಲು ಹಗುರವೇ ಇರಬೇಕು. ಅದು ಬಾಗಬೇಕಾದದ್ದೂ ಇಲ್ಲ. ತೊಂದರೆ ಏನೆಂದರೆ ಅದಕ್ಕೂ ಒಂದು ಹೆದೆ ಇರುತ್ತದೆ, ಚೌಕಿಗೆ ಇಣುಕುವ ಮಕ್ಕಳು ಅದನ್ನು ಎಳೆದು ನೋಡುತ್ತಾರೆ. ನಾನು ಮಾಡಿಕೊಡುವ ವೇಷದ ಬಿಲ್ಲಿಗೆ ಹೆದೆಯಾಗಿ ಹೊಲಿಗೆಯವರ ಇಲಾಸ್ಟಿಕ್ ಹಾಕುತ್ತೇನೆ. ಎಳೆದರೆ ಇಲಾಸ್ಟಿಕ್ ಬರುತ್ತದೆ, ಮರಕ್ಕೆ ಏನೂ ಇಲ್ಲ. ದೀಪದ ಬೆಳಕಿಗೆ ಯಾರಿಗೂ ಗೊತ್ತಾಗುವುದಿಲ್ಲ. ಇನ್ನು ವೇಷದ ಪೆಟ್ಟಿಗೆಯ ಮೇಲೆ ಇಟ್ಟು ಅದರ ಮೇಲೆಯೇ ಕೂತುಬಿಡುವ ದೊಡ್ಡವರು ಇದ್ದಾರೆ. ಅವರಿಗೆ ನನ್ನಲ್ಲಿ ಮದ್ದಿಲ್ಲ. ಚೌಕಿಯಲ್ಲಿ ಕಿರೀಟ ತೂಗು ಹಾಕುವ ಹಗ್ಗದಲ್ಲೇ ಬಿಲ್ಲಿಗೂ ಜಾಗ ಕೊಡಿ.

ಪ್ರಶ್ನೆ: ಮಳೆಗಾಲದಲ್ಲಿ ಬಿಲ್ಲು ಮೆತ್ತಗಾಗಿ ಬಾಗಿಯೇ ಉಳಿಯಿತು. ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟರೆ ಸರಿಯಾಗುತ್ತದೆಯೇ?
— ಕೃಷಿಕ, ಬಂದಡ್ಕ

ಅರ್ಧ ಸರಿ. ನಮ್ಮ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ. ಆಟಿ ತಿಂಗಳಲ್ಲಿ ಹಪ್ಪಳ ಡಬ್ಬದಲ್ಲೇ ಮೆತ್ತಗಾಗುತ್ತದೆ, ಮರ ಬಿಡುತ್ತದಾ? ಬಿಲ್ಲಿನ ಮರದಲ್ಲಿ ನೂರಕ್ಕೆ 8ರಿಂದ 12 ಪಾಲು ತೇವ ಇದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಅದು 18ರ ಹತ್ತಿರ ಹೋಗಬಹುದು. ಆ ಸ್ಥಿತಿಯಲ್ಲಿ ಎಳೆದರೆ ಮುರಿಯುವುದಿಲ್ಲ, ಬಾಗಿದ್ದು ವಾಪಸು ಬರುವುದಿಲ್ಲ ಅಷ್ಟೇ. ಒಮ್ಮೆ ಹೀಗೆ ಸೋತ ಬಿಲ್ಲು ಒಣಗಿದ ಮೇಲೂ ಪೂರ್ತಿ ಮೊದಲಿನಂತಾಗುವುದಿಲ್ಲ. ಬಾಣ ತುಸು ಮೆಲ್ಲಗೆ ಹೋಗುತ್ತದೆ. ಹಾಗೆಯೇ ಬಳಸಿ.

ಒಲೆಯ ಅಟ್ಟ ಹಸಿ ಬಿದಿರಿಗೆ ಬಹಳ ಒಳ್ಳೆಯದು, ಹೊಗೆ ಹಿಡಿದ ಬಿದಿರನ್ನು ಕುಟ್ಟೆ ಮುಟ್ಟುವುದು ಕಡಿಮೆ. ಮಾಡಿ ಮುಗಿಸಿದ ಬಿಲ್ಲನ್ನು ಬೇಸಿಗೆಯಲ್ಲೂ ಅಲ್ಲೇ ಬಿಟ್ಟರೆ ಮಾತ್ರ ವಿಪರೀತ ಒಣಗಿ ಗಾಜಿನಂತೆ ಚಟಕ್ಕೆನ್ನುತ್ತದೆ. ಮಲಗುವ ಕೋಣೆಯ ಒಳಗೋಡೆಗೆ ಎರಡು ಗಿಳಿಗೂಟ ಹೊಡೆದು ಅಡ್ಡ ಮಲಗಿಸಿ. ಹೊರಗೋಡೆ ಬೇಡ, ಅದು ಮಳೆ ಕುಡಿಯುತ್ತದೆ. ಮೂಲೆಗೆ ಒರಗಿಸುವುದಂತೂ ಬೇಡವೇ ಬೇಡ. ನಾನು ಒಂದು ಬಿಲ್ಲನ್ನು ಹಾಗೆ ಒರಗಿಸಿ ಅದರ ಕೆಳಗಿನ ತೋಳು ಬಾಗಿಸಿಕೊಂಡವ. ಅದೂ ಅಲ್ಲದೆ, ಮೂಲೆಯಲ್ಲಿ ನಿಂತ ಕೋಲು ಎಲ್ಲರದ್ದು. ನಮ್ಮ ಮನೆಯವಳು ಅದರಲ್ಲಿ ಒಂದು ವಾರ ಪೇರಳೆ ಕೊಯ್ದಿದ್ದಾಳೆ. ದೋಟಿಗಿಂತ ಚೆನ್ನಾಗಿದೆ ಎಂದೂ ಹೇಳಿದಳು.

ಪ್ರಶ್ನೆ: ಮಗ ಬಿದಿರಿನ ಬಿಲ್ಲಿನ ಸ್ಪರ್ಧೆಗೆ ರೈಲಿನಲ್ಲಿ ಹೋಗಬೇಕು. ಬಿಲ್ಲನ್ನು ಹೇಗೆ ಒಯ್ಯುವುದು? ಹೆದೆ ಯಾವುದು ಒಳ್ಳೆಯದು?
— ತಾಯಿ, ಕುಂಬಳೆ

ಪ್ಲಂಬಿಂಗ್ ಅಂಗಡಿಯಿಂದ ನಾಲ್ಕು ಇಂಚಿನ ಪಿವಿಸಿ ಪೈಪು, ಎರಡು ಮುಚ್ಚಳ. ಬಿಲ್ಲಿಗಿಂತ ಅರ್ಧ ಅಡಿ ಉದ್ದ ಇರಲಿ. ಒಳಗೆ ಹಳೆ ಬೈರಾಸು ಸುತ್ತಿ. ಸೀಟಿನ ಅಡಿಗೆ ತಳ್ಳಿದರೆ ಯಾರು ಕಾಲಿಟ್ಟರೂ, ಪೆಟ್ಟಿಗೆ ಇಟ್ಟರೂ ಚಿಂತೆಯಿಲ್ಲ. ಪೈಪು ಎಂದುಕೊಂಡು ಯಾರೂ ತೆರೆದೂ ನೋಡುವುದಿಲ್ಲ, ಅದೇ ದೊಡ್ಡ ಲಾಭ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಮಾತ್ರ ಬಿಡಬೇಡಿ, ಅಂಟು ಸಡಿಲವಾಗುತ್ತದೆ.

ಹೆದೆಗೆ ಡೆಕ್ರಾನ್ ನೂಲು, 12 ಎಳೆ. ಈಗಿನ ಹಿಗ್ಗದ ನೂಲುಗಳು ಕಾರ್ಖಾನೆಯ ಬಿಲ್ಲಿಗೆ ಸರಿ, ಮರದ ಕೊಪ್ಪನ್ನು ಕೊರೆದುಬಿಡುತ್ತವೆ. ನಾನು ಕೊಪ್ಪಿಗೆ ತೆಂಗಿನ ಗೆರಟೆಯ ತುಂಡು ಅಂಟಿಸುತ್ತೇನೆ, ಹೆದೆ ಅದರ ಮೇಲೆ ಕೂರುತ್ತದೆ. ಮಗನಿಗೆ ಹೇಳಿ, ಒಲಿಂಪಿಕ್ಸಿಗೆ ಹೋದ ಲಿಂಬಾ ರಾಮ್ ಕೂಡ ಬಿದಿರಿನ ಬಿಲ್ಲಿನಿಂದಲೇ ಶುರು ಮಾಡಿದ್ದು.

ಪ್ರಶ್ನೆ: ಮಾಷ್ಟ್ರೇ, ನಾನು ಎಂಟನೇ ಕ್ಲಾಸು. ನಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಬಿಲ್ಲು ಸಿಕ್ಕಿತು. ಅಜ್ಜ ತೀರಿಕೊಂಡು 12 ವರ್ಷ ಆಯಿತು. ಹೆದೆಯೂ ಬಿದಿರಿನ ಸೀಳಿನದ್ದೇ, ಒಂದು ಕಡೆ ಬಿಟ್ಟುಹೋಗಿದೆ. ಚಿಕ್ಕಪ್ಪ ಹೊಸ ಹಗ್ಗ ಕಟ್ಟಿ ಬಿಟ್ಟು ನೋಡುವ ಎನ್ನುತ್ತಿದ್ದಾರೆ. ಅಜ್ಜಿ ಬೇಡ ಎನ್ನುತ್ತಾರೆ. ಯಾರು ಸರಿ?
— ವಿದ್ಯಾರ್ಥಿನಿ, ಅಡೂರು

ಅಜ್ಜಿ ಸರಿ ಮಗಾ. ಚಿಕ್ಕಪ್ಪನಿಗೆ ಈ ಪುಟ ತೋರಿಸು.

ಅಷ್ಟು ವರ್ಷ ಬಾಗದೆ ಒಣಗಿದ ಮರ ಒಮ್ಮೆಗೇ ಬಾಗುವುದಿಲ್ಲ. ಮೊದಲ ಎಳೆತಕ್ಕೇ ಮುರಿಯಬಹುದು. ಹೆದೆ ಕಟ್ಟುವುದು ಬೇಡ, ಬಗ್ಗಿಸಿ ನೋಡುವುದೂ ಬೇಡ. ಒಣ ಬಟ್ಟೆಯಿಂದ ಧೂಳು ಒರಸು. ಸಣ್ಣ ತೂತುಗಳಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆಯಾ ನೋಡು. ಉದುರಿದರೆ ಕುಟ್ಟೆ ಇನ್ನೂ ಒಳಗಿದೆ, ನನಗೆ ಬರೆ. ಮರಳು ಕಾಗದ ಹಾಕಿ ಉಜ್ಜಬೇಡ, ವಾರ್ನಿಷ್ ಬಳಿಯಬೇಡ. ಹಿಡಿಯ ಹತ್ತಿರ ಕಪ್ಪಗೆ ನುಣುಪಾಗಿರುವ ಜಾಗ ಇದ್ದೇ ಇರುತ್ತದೆ. ಅದು ಕೊಳೆಯಲ್ಲ, ಅಜ್ಜನ ಅಂಗೈ.

ಬಿದಿರಿನ ಸೀಳಿನ ಹೆದೆ ಈಗ ಮಾಡುವವರು ಕಡಿಮೆ. ಬಿಟ್ಟುಹೋದ ತುದಿಯನ್ನು ಎಸೆಯಬೇಡ, ಅದರಲ್ಲಿ ಗಂಟು ಹಾಕಿದ ಕ್ರಮ ಹಾಗೆಯೇ ಉಳಿದಿರುತ್ತದೆ. ಅಜ್ಜ ಅದರಲ್ಲಿ ಹಂದಿ ಹೊಡೆದ ಕಥೆಯನ್ನು ಚಿಕ್ಕಪ್ಪ ಹೇಳಿದರೆ ಕೇಳು. ಆದರೆ 1972ರಲ್ಲಿ ವನ್ಯಜೀವಿ ಕಾಯಿದೆ ಬಂದಿದೆ ಎಂದೂ ನೆನಪಿಸು.

ಬಿಟ್ಟು ನೋಡುವ ಆಸೆ ನಿನಗೂ ಇದೆ ಅಂತ ನಿನ್ನ ಕಾಗದದಲ್ಲೇ ಗೊತ್ತಾಗುತ್ತದೆ. ಹಾಗಾದರೆ ಅದರ ಹಾಗೇ ಇನ್ನೊಂದು ಮಾಡುವ. ಹೊಲಿಗೆಯ ಟೇಪು ತಗೊಂಡು ಅಳೆ. ಕೊಪ್ಪಿನಿಂದ ಕೊಪ್ಪಿಗೆ ಎಷ್ಟು ಉದ್ದ, ಹಿಡಿಯಲ್ಲಿ ಎಷ್ಟು ಅಗಲ, ಅಲ್ಲಿಂದ ಒಂದೊಂದು ಗೇಣಿಗೂ ಅಗಲ ಎಷ್ಟು, ದಪ್ಪ ಎಷ್ಟು. ಬಿದಿರಿನ ಹಸಿರು ಸಿಪ್ಪೆಯ ಭಾಗ ಬೆನ್ನಿನ ಕಡೆ ಇದೆಯೋ ಹೊಟ್ಟೆಯ ಕಡೆ ಇದೆಯೋ ನೋಡಿ ಬರೆ. ಗಿಣ್ಣುಗಳು ಎಲ್ಲೆಲ್ಲಿ ಬಂದಿವೆ ಎಂದು ಚಿತ್ರದಲ್ಲಿ ಗುರುತು ಹಾಕು. ಮತ್ತೆ ಅಜ್ಜಿಯ ಹತ್ತಿರ ಕೂತು ಕೇಳು: ಬಿದಿರು ಯಾವ ತಿಂಗಳು ಕಡಿಯುತ್ತಿದ್ದರು, ನೀರಿನಲ್ಲಿ ಹಾಕಿಡುತ್ತಿದ್ದರಾ, ಹೆದೆಗೆ ಏನಾದರೂ ಹಚ್ಚುತ್ತಿದ್ದರಾ. ಎಲ್ಲ ಒಂದು ಹಾಳೆಯಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಕಳುಹಿಸು. ತುಲಾ ಮಾಸದ ಮಳೆ ಬಿಟ್ಟ ಮೇಲೆ ಬಿದಿರು ಕಡಿಯುತ್ತೇನೆ, ನಿನಗೊಂದು ಗಳ ತೆಗೆದಿಡುತ್ತೇನೆ.